ಗೊತ್ತಿರುವ ಊರಿನ ಥ್ರಿಲ್ಲರ್ ಓದುವಾಗ ನಿಮಗೂ ಹೀಗಾಗುತ್ತದಾ?

ಹಳಿ_ಪಕ್ಕದ_ಮನೆ:

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಒಂದೇ ವಿಷಯ ತಲೆ ಕೊರೆಯುತ್ತಿದೆ, ಇಲ್ಲಿ ಕೇಳಿಬಿಡೋಣ ಅಂತ ಬಂದೆ. ನಾನು ಹದಿಮೂರು ವರ್ಷದಿಂದ ಇರುವ ನಗರದಲ್ಲೇ ನಡೆಯುವ ಒಂದು ಥ್ರಿಲ್ಲರ್ ಕೈಗೆ ಸಿಕ್ಕಿತು. ನಗರದ ಹೆಸರು, ಪುಸ್ತಕದ ಹೆಸರು ಎರಡನ್ನೂ ಹೇಳುವುದಿಲ್ಲ, ಹೇಳಿದರೆ ಮುಂದೆ ಓದುವವರಿಗೆ ಕಥೆ ಒಡೆದುಹೋಗುತ್ತದೆ. ಮೊದಲ ನೂರು ಪುಟ ಕೂತಲ್ಲೇ ಓದಿದೆ. ನಾನು ದಿನಾ ನಡೆಯುವ ಬೀದಿ, ದಿನಾ ರೈಲು ಹತ್ತುವ ಪ್ಲಾಟ್‌ಫಾರಂ, ಮಳೆ ಬಂದಾಗ ನಿಲ್ಲುವ ಮರ, ಎಲ್ಲವೂ ಅಚ್ಚಿನಲ್ಲಿ ಇತ್ತು. ನಮ್ಮ ಮನೆಯವರ ಹೆಸರನ್ನು ಪೇಪರಿನಲ್ಲಿ ನೋಡಿದ ಹಾಗೆ ಆಯಿತು.

ಆಮೇಲೆ 212ನೇ ಪುಟ ಬಂತು. ಅನುಮಾನ ಇರುವ ಮನುಷ್ಯನನ್ನು ರಾತ್ರಿ 9:10ಕ್ಕೆ ರೈಲು ನಿಲ್ದಾಣದ ಹಿಂಬಾಗಿಲಿನಲ್ಲಿ ಟಿಕೆಟ್ ಕೊಡುವವನು ನೋಡಿದ್ದಾನೆ. ನದಿ ದಡದಲ್ಲಿ ಕೊಲೆ ಆಗಿರುವುದು 9:15ಕ್ಕೆ. ಪತ್ತೇದಾರ ಹೇಳುತ್ತಾನೆ, ಹಿಂಬಾಗಿಲಿನಿಂದ ನದಿಗೆ ಓಡಿದರೆ ನಾಲ್ಕೇ ನಿಮಿಷ, ಹಾಗಾಗಿ ಇವನೇ ಮಾಡಿರಬಹುದು ಅಂತ. ನಾಲ್ಕು ನಿಮಿಷ! ಆ ಹಿಂಬಾಗಿಲು ನನಗೆ ಗೊತ್ತು. ಎದುರಿಗೆ ಗೂಡ್ಸ್ ಯಾರ್ಡ್‌ನ ಎತ್ತರದ ಗೋಡೆ. ಅದನ್ನು ಸುತ್ತಿಕೊಂಡು ರೈಲ್ವೆ ಗೇಟು ದಾಟಿ ನದಿಗೆ ಹೋಗಬೇಕು. ನಾನೇ ಅಳೆದೆ, 1.9 ಕಿ.ಮೀ. ಚೆನ್ನಾಗಿ ಓಡುವವನಿಗೂ ಹನ್ನೊಂದು ನಿಮಿಷ ಬೇಕು. ಪುಸ್ತಕದ ಲೆಕ್ಕದಲ್ಲಿ ಅವನು ಕೊಲೆಗಾರ ಆಗಬಹುದು, ನಮ್ಮೂರಿನ ಲೆಕ್ಕದಲ್ಲಿ ಅವನು ನಿರಪರಾಧಿ. ಪುಸ್ತಕ ಮುಚ್ಚಿಟ್ಟೆ. ಇನ್ನೂ ತೆರೆದಿಲ್ಲ.

ಇಷ್ಟು ಚೆನ್ನಾಗಿ ಓದಿಸಿಕೊಂಡ ಪುಸ್ತಕದ ಮೇಲಿನ ನಂಬಿಕೆ ಒಂದೇ ವಾಕ್ಯಕ್ಕೆ ಹೋಯಿತಲ್ಲ ಎಂದು ನಿಜವಾಗಿ ಬೇಜಾರಾಗಿದೆ. ನಿಮಗೆ ಹೀಗಾದಾಗ ಏನು ಮಾಡುತ್ತೀರಿ?


ಕಥೆ_ಮುಖ್ಯ:

ಸರ್, ಮೊದಲು ಪುಸ್ತಕ ತೆರೆಯಿರಿ. ಕಾದಂಬರಿ ಅಂದರೆ ನಕ್ಷೆ ಅಲ್ಲ. ಲೇಖಕ ನಿಮ್ಮ ಊರಿನಿಂದ ತನಗೆ ಬೇಕಾದಷ್ಟು ತಗೊಂಡು ಉಳಿದದ್ದನ್ನು ಕಟ್ಟಿಕೊಳ್ಳುತ್ತಾನೆ. ಅದು ಅವನ ಹಕ್ಕು.

ಷರ್ಲಾಕ್ ಹೋಮ್ಸ್ ವಿಳಾಸ ಎಲ್ಲರಿಗೂ ಗೊತ್ತಲ್ವಾ, 221ಬಿ ಬೇಕರ್ ಸ್ಟ್ರೀಟ್. ಆ ಕಥೆಗಳು ಬರುತ್ತಿದ್ದ ಕಾಲಕ್ಕೆ ಲಂಡನ್ನಿನ ಆ ಬೀದಿಯಲ್ಲಿ ಅಷ್ಟು ದೊಡ್ಡ ಸಂಖ್ಯೆಯ ಮನೆಯೇ ಇರಲಿಲ್ಲ. ಬೀದಿಗೆ ಹೊಸ ಸಂಖ್ಯೆ ಬಂದದ್ದು 1930ರ ದಶಕದಲ್ಲಿ. ಆಗ 221 ಸೇರಿದ್ದು ಮನೆ ಸಾಲ ಕೊಡುವ ಒಂದು ಸಂಸ್ಥೆಯ ಕಟ್ಟಡಕ್ಕೆ. ಹೋಮ್ಸ್ ಹೆಸರಿಗೆ ಅಲ್ಲಿಗೆ ಎಷ್ಟು ಪತ್ರ ಬರತೊಡಗಿತು ಅಂದರೆ, ಉತ್ತರ ಬರೆಯುವುದಕ್ಕೇ ಒಬ್ಬರನ್ನು ಇಟ್ಟುಕೊಂಡರು. ಇಲ್ಲದ ಮನೆಗೆ ಜನ ಪತ್ರ ಬರೆದರು. ಕಥೆಯ ಶಕ್ತಿ ಅದು. ನಾಲ್ಕು ನಿಮಿಷವೋ ಹನ್ನೊಂದು ನಿಮಿಷವೋ, ಆ ಊರು ನೋಡದ ನನ್ನಂಥವರಿಗೆ ಏನೂ ವ್ಯತ್ಯಾಸ ಆಗುವುದಿಲ್ಲ.


ಸ್ಟೇರಿಂಗ್_ಹಿಡಿದವ:

ಒಪ್ಪುವುದಿಲ್ಲ ಸರ್. ಮನೆ ನಂಬರ್ ಬೇರೆ, ಹೊತ್ತು ಬೇರೆ. 221 ಬದಲು 21 ಅಂತ ಬರೆದಿದ್ದರೂ ಆ ಕಥೆಗಳಲ್ಲಿ ಒಂದು ಕೂದಲೂ ಅಲುಗಾಡುತ್ತಿರಲಿಲ್ಲ. ಇಲ್ಲಿ ನಾಲ್ಕು ನಿಮಿಷದ ಮೇಲೆ ಒಬ್ಬನ ಕುತ್ತಿಗೆ ನಿಂತಿದೆ. ಲೇಖಕ ತಾನೇ ಗಡಿಯಾರ ತೋರಿಸಿ ಲೆಕ್ಕ ಹಾಕಿ ಅಂದಮೇಲೆ ಓದುವವನು ಲೆಕ್ಕ ಹಾಕದೆ ಇರುತ್ತಾನಾ?

ನಾನು 22 ವರ್ಷ ಸಿಟಿ ಬಸ್ ಓಡಿಸಿದವನು. ಓದುವ ಹುಚ್ಚು ಮೊದಲಿನಿಂದಲೂ ಇದೆ. ಊಟದ ಬಿಡುವಿನಲ್ಲಿ, ಡಿಪೋದಲ್ಲಿ, ಕೊನೆಯ ಸ್ಟಾಪಿನಲ್ಲಿ ಬಸ್ ನಿಲ್ಲಿಸಿಕೊಂಡು ಓದಿದ್ದೇ ಜಾಸ್ತಿ. ಬೆನ್ನಟ್ಟುವ ದೃಶ್ಯ ಬಂದರೆ ನನ್ನ ಕಾಲು ತಾನಾಗಿ ಬ್ರೇಕ್ ಹುಡುಕುತ್ತದೆ. ಒಂದು ಪುಸ್ತಕದಲ್ಲಿ ನಾಯಕ ಸಂಜೆ ಆರು ಗಂಟೆಗೆ ಊರ ನಡುವೆ ನಾಲ್ಕು ಕಿಲೋಮೀಟರನ್ನು ಐದು ನಿಮಿಷದಲ್ಲಿ ಹೋಗಿಬಿಟ್ಟ. ಲೆಕ್ಕ ನೋಡಿ, ಅದು ಗಂಟೆಗೆ 48 ಕಿ.ಮೀ, ಅದೂ ಒಂದೇ ಒಂದು ಸಿಗ್ನಲ್‌ನಲ್ಲೂ ನಿಲ್ಲದೆ, ಒಬ್ಬರೂ ರಸ್ತೆ ದಾಟದೆ, ಮುಂದಿನ ಗಾಡಿ ಒಂದು ಸಲವೂ ನಿಧಾನ ಮಾಡದೆ. ಆ ಹೊತ್ತಿನಲ್ಲಿ ನನಗೆ ಗಂಟೆಗೆ ಸರಾಸರಿ 16 ಸಿಕ್ಕರೆ ಒಳ್ಳೆಯ ದಿನ, ಅಂದರೆ ಅದೇ ದೂರಕ್ಕೆ 15 ನಿಮಿಷ. ಈ ಹತ್ತು ನಿಮಿಷ ಇದೆಯಲ್ಲ, ಅದರಲ್ಲೇ ಭಯ ಇರುವುದು! ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಎದುರಿನ ಕೆಂಪು ದೀಪ ನೋಡುತ್ತಾ, ಹಿಂದೆ ಆರನೇ ಗಾಡಿಯಲ್ಲಿ ಅವನೂ ಸಿಕ್ಕಿಕೊಂಡಿದ್ದಾನೆ ಅಂತ ಕನ್ನಡಿಯಲ್ಲಿ ಕಾಣುತ್ತಾ, ಇಳಿದು ಓಡಲಾ ಬೇಡವಾ ಅಂತ ಕೂತಿರುವುದು. ಬಸ್ಸಿನಲ್ಲಿ ಗರ್ಭಿಣಿ ಒಬ್ಬರಿಗೆ ನೋವು ಶುರುವಾಗಿ ಆಸ್ಪತ್ರೆ ಕಡೆ ತಿರುಗಿಸಿದ ದಿನ ನನಗೆ ಅದು ಗೊತ್ತಾಯಿತು. ಆ ಲೇಖಕ ಅದನ್ನೆಲ್ಲ ಬಿಟ್ಟು ಗಾಡಿಯನ್ನು ಖಾಲಿ ರಸ್ತೆಯಲ್ಲಿ ಓಡಿಸಿದ.


ಪುಟ_ಮಡಿಸಿದವಳು:

ಸ್ಟೇರಿಂಗ್ ಅಣ್ಣ ಹೇಳಿದ್ದು ನನಗೂ ಆಗಿದೆ, ಬೇರೆ ಥರ. ಓದಲು ಎರಡು ವರ್ಷ ಸ್ಪೇನ್‌ನ ಸೆವಿಲ್ಲೆಯಲ್ಲಿದ್ದೆ. ಡ್ಯಾನ್ ಬ್ರೌನ್ 1998ರಲ್ಲಿ ಬರೆದ 'ಡಿಜಿಟಲ್ ಫೋರ್ಟ್ರೆಸ್' ಕಾದಂಬರಿಯ ಒಂದು ಭಾಗ ಅಲ್ಲೇ ನಡೆಯುತ್ತದೆ. ನಾಯಕನನ್ನು ಬೆನ್ನಟ್ಟುವ ಒಂದು ಮುಖ್ಯ ದೃಶ್ಯ ಇರುವುದು ಹಿರಾಲ್ಡಾ ಗೋಪುರದ ಮೆಟ್ಟಿಲುಗಳ ಮೇಲೆ. ಆದರೆ ಹಿರಾಲ್ಡಾದಲ್ಲಿ ಮೇಲೆ ಹೋಗುವುದು ಮೆಟ್ಟಿಲಿನಲ್ಲಿ ಅಲ್ಲ, ಇಳಿಜಾರು ದಾರಿಯಲ್ಲಿ. 12ನೇ ಶತಮಾನದಲ್ಲಿ ಮಸೀದಿಯ ಮಿನಾರಾಗಿ ಕಟ್ಟಿದ್ದು ಅದು. ಪ್ರಾರ್ಥನೆಗೆ ಕರೆಯುವವರು ಸವಾರಿ ಮಾಡಿಕೊಂಡೇ ಮೇಲೆ ಹೋಗಲಿ ಅಂತ ಹಾಗೆ ಕಟ್ಟಿದರು ಎನ್ನುತ್ತಾರೆ. ಒಟ್ಟು 35 ಇಳಿಜಾರುಗಳು, ತೀರಾ ತುದಿಯಲ್ಲಿ ಮಾತ್ರ ಕೆಲವು ಮೆಟ್ಟಿಲು. ಅದನ್ನು ಹತ್ತಿದ ಯಾರೇ ಆದರೂ ಇದನ್ನು ಮರೆಯುವುದಿಲ್ಲ, ಮೊದಲು ಕಾಲಿಗೆ ಗೊತ್ತಾಗುವುದೇ ಅದು.

ತಪ್ಪು ಆಗಿದ್ದಕ್ಕಿಂತ ಜಾಸ್ತಿ ನನಗೆ ನೋವಾಗಿದ್ದು ಇನ್ನೊಂದು ಕಾರಣಕ್ಕೆ. ನಿಜವಾದ ಜಾಗ ಪುಸ್ತಕದಲ್ಲಿರುವ ಜಾಗಕ್ಕಿಂತ ಎಷ್ಟೋ ಭಯ ಹುಟ್ಟಿಸುವಂಥದ್ದು. ಇಳಿಜಾರು ಗೋಪುರದ ಗೋಡೆ ಹಿಡಿದು ಚೌಕವಾಗಿ ಸುತ್ತುತ್ತಾ ಹೋಗುತ್ತದೆ. ಹತ್ತಿಪ್ಪತ್ತು ಹೆಜ್ಜೆಗೆ ಒಂದು ಮೂಲೆ. ಮೂಲೆ ತಿರುಗುವವರೆಗೆ ಮುಂದೆ ಯಾರಿದ್ದಾರೆ ಗೊತ್ತಾಗುವುದಿಲ್ಲ, ತಿರುಗಿದ ಕೂಡಲೇ ಹಿಂದೆ ಯಾರಿದ್ದಾರೆ ಅನ್ನುವುದೂ ಗೊತ್ತಾಗುವುದಿಲ್ಲ. ಸುರುಳಿ ಮೆಟ್ಟಿಲಿನ ಗೋಪುರವನ್ನು ಎಲ್ಲರೂ ನೂರು ಸಲ ಓದಿದ್ದೇವೆ. ಇದನ್ನು ಯಾರು ಬರೆದಿದ್ದಾರೆ? ಹೋಗಿ ಒಂದು ಸಲ ಕಾಲಿಟ್ಟಿದ್ದರೆ ಸಾಕಿತ್ತು, ಬೇರೆ ಯಾರ ಪುಸ್ತಕದಲ್ಲೂ ಇಲ್ಲದ ದೃಶ್ಯ ಅವರಿಗೆ ಸಿಗುತ್ತಿತ್ತು.

2003ರ 'ದ ಡಾ ವಿಂಚಿ ಕೋಡ್'ನಲ್ಲೂ ಹೀಗೇ, ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಮುಂದಿನ ಪಿರಮಿಡ್‌ನಲ್ಲಿ 666 ಗಾಜಿನ ಫಲಕ ಅಂತ ಇದೆ. ಇರುವುದು 673. ಆದರೆ ಅದು ನನಗೆ ಅಷ್ಟು ಚುಚ್ಚಲಿಲ್ಲ. ಗಾಜು ಎಣಿಸಿಕೊಂಡು ಯಾರೂ ಓಡುವುದಿಲ್ಲ.


ನಕ್ಷೆಗಾರ:

ಭೂಮಾಪನದ ಕೆಲಸದಲ್ಲಿ ಇದ್ದವನು, ಹಾಗಾಗಿ ಈ ಮಾತಿಗೆ ಬರದೆ ಇರಲು ಆಗಲಿಲ್ಲ.

ಇತ್ತೀಚೆಗೆ ಬರುವ ಥ್ರಿಲ್ಲರ್‌ಗಳಲ್ಲಿ ಲೇಖಕ ಊರಿಗೆ ಹೋಗಿದ್ದಾನಾ, ಪರದೆಯ ಮೇಲೆ ನೋಡಿದ್ದಾನಾ ಅಂತ ಬೇಗ ಗೊತ್ತಾಗುತ್ತದೆ. ನಕ್ಷೆ ದೂರ ಹೇಳುತ್ತದೆ, ಏರು ಹೇಳುವುದಿಲ್ಲ. ಏರಿನ ಗೆರೆ ಇರುವ ನಕ್ಷೆ ನೋಡಿದರೆ ಗೊತ್ತಾಗುತ್ತದೆ, ಆದರೆ ಅದನ್ನು ನೋಡುವವರು ಕಡಿಮೆ. ಅರ್ಧ ಕಿಲೋಮೀಟರ್ ಏರು ರಸ್ತೆಯಲ್ಲಿ ಓಡಿಬಂದವನು ಆಮೇಲೆ ತಣ್ಣಗೆ ಗುರಿ ಇಟ್ಟು ಗುಂಡು ಹೊಡೆಯುತ್ತಾನೆ ಅಂದರೆ ಅದು ನಕ್ಷೆ ನೋಡಿ ಬರೆದದ್ದು. ಉಸಿರು ಕಟ್ಟಿ ಕೈ ನಡುಗಬೇಕಲ್ವಾ? 2007ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಬಂದಮೇಲೆ ಇನ್ನೊಂದು ಥರದ ತಪ್ಪು ಜಾಸ್ತಿಯಾಗಿದೆ. ಆ ಚಿತ್ರ ತೆಗೆಯುವುದು ಹಗಲಿನಲ್ಲಿ, ಕಾರಿನ ತಲೆಯ ಮೇಲಿಂದ, ಕಾರು ಹೋಗುವ ದಾರಿಯಲ್ಲಿ. ಹಾಗಾಗಿ ಆ ಪುಸ್ತಕಗಳಲ್ಲಿ ಅಂಗಡಿ ಬೋರ್ಡುಗಳೆಲ್ಲ ಸರಿಯಾಗಿರುತ್ತವೆ, ಆದರೆ ಓಣಿಗಳೇ ಇರುವುದಿಲ್ಲ, ರಾತ್ರಿ ಯಾವ ನಾಯಿ ಬೊಗಳುತ್ತದೆ ಅನ್ನುವುದು ಇರುವುದಿಲ್ಲ, ವಾಸನೆ ಇರುವುದಿಲ್ಲ.

ಇಷ್ಟು ಹೇಳಿ ಹಳಿ ಪಕ್ಕದವರಿಗೆ ಒಂದು ಪ್ರಶ್ನೆ. ನಿಮ್ಮ ಕಥೆ ನಡೆಯುವುದು ಯಾವ ವರ್ಷ?

ಯಾಕೆ ಕೇಳುತ್ತಿದ್ದೇನೆ ಅಂದರೆ, ಫ್ರೆಡರಿಕ್ ಫೋರ್ಸೈತ್ ಬರೆದ 'ದ ಡೇ ಆಫ್ ದ ಜಾಕಲ್' ಬಂದದ್ದು 1971ರಲ್ಲಿ. ಫ್ರಾನ್ಸ್ ಅಧ್ಯಕ್ಷ ಡಿ ಗಾಲ್ ಅವರನ್ನು ಕೊಲ್ಲಲು ಬರುವವನ ಕಥೆ. ಕಥೆ ನಡೆಯುವುದು 1963ರ ಪ್ಯಾರಿಸ್‌ನಲ್ಲಿ, ಕೊನೆಯ ದೃಶ್ಯ ಮೊಂಪಾರ್ನಾಸ್‌ನ ಹಳೆಯ ರೈಲು ನಿಲ್ದಾಣದ ಎದುರು. ಆ ನಿಲ್ದಾಣವನ್ನು ಒಡೆದುಹಾಕಿದರು. 1973ರಿಂದ ಅಲ್ಲಿರುವುದು ಮೊಂಪಾರ್ನಾಸ್ ಗೋಪುರ. ಇವತ್ತು ಅಲ್ಲಿ ನಿಂತು ಪುಸ್ತಕ ಹಿಡಿದು ನೋಡಿದವನಿಗೆ ಯಾವುದೂ ಹೊಂದುವುದಿಲ್ಲ. ತಪ್ಪು ಪುಸ್ತಕದ್ದಲ್ಲ. ಫೋರ್ಸೈತ್ ಆ ಕಾಲದಲ್ಲಿ ಪ್ಯಾರಿಸ್‌ನಲ್ಲೇ ರಾಯಿಟರ್ಸ್ ವರದಿಗಾರರಾಗಿದ್ದವರು, ಬೀದಿ ಬೀದಿ ಗೊತ್ತಿತ್ತು.

ಆ ಪುಸ್ತಕದಿಂದ ಇನ್ನೊಂದು ವಿಷಯ. ಡಿ ಗಾಲ್ 1970ರ ನವೆಂಬರ್‌ನಲ್ಲಿ ತಮ್ಮ ಮನೆಯಲ್ಲೇ ತೀರಿಕೊಂಡಿದ್ದರು. ಗುಂಡು ತಪ್ಪುತ್ತದೆ ಅಂತ ಮೊದಲ ಪುಟದಲ್ಲೇ ಎಲ್ಲರಿಗೂ ಗೊತ್ತು. ಆದರೂ ಜನ ಉಸಿರು ಬಿಗಿಹಿಡಿದು ಓದಿದರು. ಏನಾಗುತ್ತದೆ ಅಂತ ಗೊತ್ತಿದ್ದರೂ ಹೇಗಾಗುತ್ತದೆ ಅನ್ನುವುದು ನಂಬುವ ಹಾಗಿದ್ದರೆ ಸಾಕು. ಬೀದಿ, ಗಡಿಯಾರ, ಕಿಟಕಿ ಇವು ಸರಿ ಇರಬೇಕಾದದ್ದು ಅದಕ್ಕೇ.


ಹಳಿ_ಪಕ್ಕದ_ಮನೆ:

ನಕ್ಷೆಗಾರ ಸರ್, ನಿಮ್ಮ ಪ್ರಶ್ನೆ ಓದಿ ಸುಮ್ನೆ ಕೂತುಬಿಟ್ಟೆ. ವರ್ಷದ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಪುಸ್ತಕದಲ್ಲಿ ಎಲ್ಲೂ ವರ್ಷ ಬರೆದಿಲ್ಲ. ಹಿಂದಕ್ಕೆ ಹೋಗಿ ಹುಡುಕಿದೆ. ಒಬ್ಬ ಡಾಕ್ಟರ ಸೊಂಟದಲ್ಲಿ ಪೇಜರ್ ಇದೆ. ಪತ್ತೇದಾರ ನಾಣ್ಯ ಹಾಕುವ ಫೋನಿನಿಂದ ಮಾತಾಡುತ್ತಾನೆ. ಫೋಟೋ ರೋಲ್ ತೊಳೆಸಲು ಕೊಟ್ಟು ಮಾರನೇ ದಿನ ಬರುತ್ತಾನೆ. ಅಂದರೆ 1990ರ ದಶಕ. ನಾನು ಈ ಊರಿಗೆ ಬಂದು ಹದಿಮೂರು ವರ್ಷ ಅಷ್ಟೇ. ಪೇಜರ್, ನಾಣ್ಯದ ಫೋನು ಎಲ್ಲ ಓದಿದ್ದೆ, ಆದರೂ ತಲೆಯಲ್ಲಿ ಮಾತ್ರ ಇವತ್ತಿನ ನಿಲ್ದಾಣವನ್ನೇ ಇಟ್ಟುಕೊಂಡು ಓದಿದ್ದೇನೆ. ನಮ್ಮ ಮನೆ ಮಾಲೀಕರು ಇಲ್ಲೇ ಹುಟ್ಟಿ ಬೆಳೆದವರು, ಎಪ್ಪತ್ತು ದಾಟಿದ್ದಾರೆ. ಅವರನ್ನು ಕೇಳಿ ಬರುತ್ತೇನೆ.

ಇನ್ನೊಂದು ಗೊಂದಲವೂ ಇದೆ, ಮೊದಲ ಪೋಸ್ಟಿನಲ್ಲಿ ಹೇಳಿರಲಿಲ್ಲ. ಯಾರ್ಡ್ ಕಡೆ ಮುಖ ಮಾಡಿರುವ ಒಂದು ಮೂರು ಮಹಡಿ ಕಟ್ಟಡದ ಕೋಣೆಯಲ್ಲಿ, ಸಂಜೆ ಬಿಸಿಲು ಕಿಟಕಿಯಿಂದ ನೇರ ಒಳಗೆ ಬಿದ್ದು ಗೋಡೆಯ ಮೇಲಿನ ಫೋಟೋ ಒಂದರ ಹಿಂದೆ ಏನೋ ಅಡಗಿಸಿರುವುದು ಕಾಣುತ್ತದೆ. ಆ ಕಟ್ಟಡ ಈಗಲೂ ಇದೆ. ಅದರ ಆ ಕಿಟಕಿಗಳೆಲ್ಲ ಪೂರ್ವಕ್ಕೆ. ಬೆಳಗಿನ ರೈಲಿಗೆ ಹೋಗುವಾಗ ಸೂರ್ಯ ಅವುಗಳ ಮೇಲೆ ಹೊಳೆಯುವುದನ್ನು ದಿನಾ ನೋಡುತ್ತೇನೆ.


ಬೆಳಕಿನ_ಲೆಕ್ಕ:

ಬಿಸಿಲಿನ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ, ಫೋಟೋ ತೆಗೆಯುವುದು ನನ್ನ ಹೊಟ್ಟೆಪಾಡು.

ಕಿಟಕಿ ಉತ್ತರಕ್ಕಿದ್ದಿದ್ದರೆ ಲೇಖಕರ ಪರವಾಗಿ ನಿಲ್ಲುತ್ತಿದ್ದೆ. ಸೂರ್ಯ ಸರಿಯಾಗಿ ಪಶ್ಚಿಮದಲ್ಲಿ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಮಾತ್ರ. ಜೂನ್‌ನಲ್ಲಿ ಅವನು ಪಶ್ಚಿಮದಿಂದ ಉತ್ತರಕ್ಕೆ ಸರಿದು ಮುಳುಗುತ್ತಾನೆ, ಹಾಗಾಗಿ ಉತ್ತರದ ಕಿಟಕಿಗೂ ಬೇಸಿಗೆ ಸಂಜೆ ಓರೆಯಾಗಿ ಬಿಸಿಲು ಬರುತ್ತದೆ. ಪೂರ್ವದ ಕಿಟಕಿಗೆ ಸಂಜೆ ನೇರ ಬಿಸಿಲು ಯಾವ ತಿಂಗಳಲ್ಲೂ ಇಲ್ಲ. ಎದುರಿಗೆ ಗಾಜಿನ ಕಟ್ಟಡ ಇದ್ದರೆ ಅದರಿಂದ ಪ್ರತಿಫಲಿಸಿ ಬರಬಹುದು, ನಗರದಲ್ಲಿ ಅದು ಸಾಮಾನ್ಯ. ನಿಮ್ಮ ಕಥೆಯಲ್ಲಿ ಎದುರಿಗೆ ಇರುವುದು ಗೂಡ್ಸ್ ಯಾರ್ಡ್. ಇದು ತಪ್ಪೇ.

ನನಗೆ ಥ್ರಿಲ್ಲರ್‌ಗಳಲ್ಲಿ ಹಗಲಿಗಿಂತ ರಾತ್ರಿ ಬೆಳಕಿನ ಚಿಂತೆ ಜಾಸ್ತಿ. ಹಳೆಯ ಹಳದಿ ಬೀದಿದೀಪ ನೆನಪಿದೆಯಾ, ಸೋಡಿಯಂ ದೀಪ? ಅದರಲ್ಲಿ ಎರಡು ಬಗೆ. ಕಡಿಮೆ ಒತ್ತಡದ ಸೋಡಿಯಂ ದೀಪದಲ್ಲಿ ಬೆಳಕು ಹೆಚ್ಚುಕಡಿಮೆ ಒಂದೇ ಬಣ್ಣದ್ದು, 589 ನ್ಯಾನೋಮೀಟರ್ ಹತ್ತಿರ. ಅದರ ಕೆಳಗೆ ಬಣ್ಣವೇ ಇರುವುದಿಲ್ಲ. ನೀಲಿ ಕಾರು, ಕಪ್ಪು ಕಾರು ಎರಡೂ ಒಂದೇ. ಒಣಗಿದ ರಕ್ತ, ಎಂಜಿನ್ ಆಯಿಲ್ ಎರಡೂ ಒಂದೇ. ಹೆಚ್ಚು ಒತ್ತಡದ್ದರಲ್ಲಿ ಸ್ವಲ್ಪ ಬಣ್ಣ ಗೊತ್ತಾಗುತ್ತದೆ, ಆದರೂ ನಂಬಲು ಆಗುವುದಿಲ್ಲ. ಹೀಗಿರುವಾಗ ಹಳೇ ಕಾಲದ ಕಥೆಯಲ್ಲಿ ಸಾಕ್ಷಿ ಬಂದು, ಮಧ್ಯರಾತ್ರಿ ಬೀದಿದೀಪದ ಕೆಳಗೆ ಹಸಿರು ಕೋಟು ಹಾಕಿದವನನ್ನು ನೋಡಿದೆ ಅಂತ ಹೇಳಿದರೆ ನಾನು ಅಲ್ಲೇ ನಿಲ್ಲುತ್ತೇನೆ. ಒಳ್ಳೆಯ ಪತ್ತೇದಾರನೂ ಅಲ್ಲೇ ನಿಲ್ಲಬೇಕು. ಈಗ ಎಲ್ಇಡಿ ಬಂದು ರಾತ್ರಿಗೂ ಬಣ್ಣ ಬಂದಿದೆ. ದೀಪ ಬದಲಾದ ಮೇಲೆ ಊರಿಗೆ ಬಂದವರಿಗೆ ಹಳೆಯ ರಾತ್ರಿ ಹೇಗಿತ್ತು ಅಂತ ಗೊತ್ತಾಗುವುದು ಪುಸ್ತಕದಿಂದಲೇ. ಅದಕ್ಕೇ ಲೇಖಕರು ಅದನ್ನು ಸರಿಯಾಗಿ ಬರೆಯಬೇಕು ಅನ್ನುವ ಹಟ ನನಗೆ.


ದೂರದೂರು:

ನನ್ನ ಅನುಭವ ಉಲ್ಟಾ. ಊರು ಮೊದಲು, ಪುಸ್ತಕ ಆಮೇಲೆ ಅಂತ ನೀವೆಲ್ಲ ಹೇಳುತ್ತಿದ್ದೀರಿ. ನನಗೆ ಕೋಲ್ಕತ್ತಾ ಸಿಕ್ಕಿದ್ದು ಸತ್ಯಜಿತ್ ರೇ ಬರೆದ ಪತ್ತೇದಾರ ಫೆಲುದಾನ ಕಥೆಗಳಿಂದ, ಅನುವಾದದಲ್ಲಿ. ಅವನ ವಿಳಾಸ 21, ರಜನಿ ಸೇನ್ ರಸ್ತೆ. ಕೆಲಸದ ಮೇಲೆ ಆ ಊರಿಗೆ ಹೋಗಿ ನಾಲ್ಕು ವರ್ಷ ಇದ್ದೆ. ಹೋದ ಮೊದಲ ಭಾನುವಾರವೇ ಆ ರಸ್ತೆಗೆ ಹೋದೆ. ರಸ್ತೆ ಇದೆ, ಆ ಸಂಖ್ಯೆಯ ಮನೆ ನನಗೆ ಸಿಗಲಿಲ್ಲ. ಬೇಜಾರು ಆಗಲಿಲ್ಲ. ಆ ಬೀದಿಯ ಅಗಲ, ಮನೆಗಳ ನಡುವಿನ ಅಂತರ, ಮಧ್ಯಾಹ್ನದ ಸದ್ದು ನಾನು ಓದಿ ಅಂದುಕೊಂಡ ಹಾಗೇ ಇತ್ತು.

ಈಗ ಆ ಊರು ಬಿಟ್ಟಿದ್ದೇನೆ. ಅಲ್ಲಿ ನಡೆಯುವ ಯಾವ ಪತ್ತೇದಾರಿ ಕಥೆ ಸಿಕ್ಕರೂ ತೆಗೆದುಕೊಳ್ಳುತ್ತೇನೆ. ತಪ್ಪು ಕಂಡರೂ ಓದುತ್ತೇನೆ. ಯಾರೋ ಒಬ್ಬ ಓಡುತ್ತಾ ನಾನು ಬಾಡಿಗೆಗೆ ಇದ್ದ ಗಲ್ಲಿಯ ಮುಂದೆ ಹಾದುಹೋದರೆ ಸಾಕು, ಒಂದು ಕ್ಷಣ ನಾನು ಮಹಡಿಯಲ್ಲಿ ನಿಂತು ನೋಡುತ್ತಿರುತ್ತೇನೆ. ಬೇರೆ ಥರದ ಕಾದಂಬರಿ ಇದನ್ನು ಮಾಡುವುದಿಲ್ಲ ನೋಡಿ. ಅಲ್ಲಿ ಜನ ಮನೆಯೊಳಗೆ ಕೂತು ಮಾತಾಡುತ್ತಾರೆ. ಥ್ರಿಲ್ಲರ್‌ನಲ್ಲಿ ಜನ ಬೀದಿ ಬೀದಿ ಅಲೆಯುತ್ತಾರೆ, ಬಾಗಿಲು ತಟ್ಟುತ್ತಾರೆ, ಹಿತ್ತಲಿನಿಂದ ನುಗ್ಗುತ್ತಾರೆ. ಬಿಟ್ಟುಬಂದ ಊರನ್ನು ಮತ್ತೆ ಸುತ್ತಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಕ್ಕಿಲ್ಲ.


ಕಥೆ_ಮುಖ್ಯ:

ದೂರದೂರು ಅವರೇ, ಮನಸ್ಸಿಗೆ ತಟ್ಟಿತು. ನಾನು ಮೊದಲು ಹೇಳಿದ್ದರಲ್ಲಿ ಸ್ವಲ್ಪ ಹಿಂದೆ ಸರಿಯುತ್ತೇನೆ. ಲೆಕ್ಕ ಹಾಕಿ ಅಂತ ಲೇಖಕನೇ ಹೇಳಿದ ಮೇಲೆ ಲೆಕ್ಕ ಸರಿ ಇರಬೇಕು, ಸ್ಟೇರಿಂಗ್ ಸರ್ ಮಾತು ಒಪ್ಪಿದೆ.

ಆದರೆ ದಾರಿ ಇಲ್ಲದೆ ಇಲ್ಲ. ಎಡ್ ಮೆಕ್‌ಬೇನ್ 1956ರಲ್ಲಿ 87ನೇ ಪೊಲೀಸ್ ಠಾಣೆಯ ಕಥೆಗಳನ್ನು ಶುರು ಮಾಡಿದಾಗ ಊರನ್ನೇ ಹೊಸದಾಗಿ ಕಟ್ಟಿಕೊಂಡರು. ಅದು ನ್ಯೂಯಾರ್ಕ್ ಅಂತ ಯಾರಿಗಾದರೂ ಗೊತ್ತಾಗುತ್ತದೆ, ನಕ್ಷೆಯನ್ನು ಪಕ್ಕಕ್ಕೆ ತಿರುಗಿಸಿ ಇಟ್ಟ ಹಾಗಿದೆ, ಮ್ಯಾನ್‌ಹಟನ್ ಬದಲು ಐಸೋಲಾ. ನಿಜವಾದ ಊರಾದರೆ ಪೊಲೀಸರು ಪ್ರತಿಯೊಂದನ್ನೂ ಹೇಗೆ ಮಾಡುತ್ತಾರೆ ಅಂತ ಸದಾ ವಿಚಾರಿಸುತ್ತಾ ಇರಬೇಕಾಗುತ್ತಿತ್ತು, ಆ ಕಷ್ಟ ತಪ್ಪಿತು. ಅಲ್ಲಿ ಹಳಿ ಪಕ್ಕದವರು ಹೋಗಿ ದೂರ ಅಳೆಯಲು ಆಗುವುದಿಲ್ಲ. ನಿಜವಾದ ಹೆಸರು ಹಾಕಿ ನಿಜವಾದ ಬೀದಿ ಮರೆಯುವುದಕ್ಕಿಂತ ಇದು ಪ್ರಾಮಾಣಿಕ ಅನ್ನಿಸುತ್ತದೆ ನನಗೆ.


ಪುಟ_ಮಡಿಸಿದವಳು:

ಪ್ರಾಮಾಣಿಕ ಹೌದು, ಆದರೆ ಐಸೋಲಾ ಬಿಟ್ಟುಬಂದವರು ಯಾರಿದ್ದಾರೆ ಹೇಳಿ? ದೂರದೂರು ಅವರಿಗೆ ಆದದ್ದು ಅಲ್ಲಿ ಯಾರಿಗೂ ಆಗುವುದಿಲ್ಲ.

ವಿಚಾರಿಸುವ ಕಷ್ಟದ ಮಾತು ಬಂತಲ್ಲ, ಜೇಮ್ಸ್ ಜಾಯ್ಸ್ ನೆನಪಾದರು. 'ಯುಲಿಸಿಸ್' ಥ್ರಿಲ್ಲರ್ ಅಲ್ಲ, ಆದರೂ ಹೇಳುತ್ತೇನೆ. 1921ರಲ್ಲಿ ಅವರು ಪ್ಯಾರಿಸ್‌ನಲ್ಲಿ ಕೂತು ಡಬ್ಲಿನ್ ಬಗ್ಗೆ ಬರೆಯುತ್ತಿದ್ದರು. ಪುಸ್ತಕದ ಒಬ್ಬ ಮುಖ್ಯ ಪಾತ್ರ ಮನೆ ಬೀಗದ ಕೈ ಮರೆತು ಎಕ್ಲ್ಸ್ ಸ್ಟ್ರೀಟ್ 7ನೇ ಮನೆಯ ಮುಂದಿನ ಕಬ್ಬಿಣದ ಕಂಬಿ ಬೇಲಿ ಹತ್ತಿ ಒಳಗೆ ಇಳಿಯಬೇಕು. ಜಾಯ್ಸ್ ಡಬ್ಲಿನ್‌ನಲ್ಲಿದ್ದ ಸೋದರಮಾವನ ಹೆಂಡತಿ ಜೋಸೆಫೀನ್‌ಗೆ ಪತ್ರ ಬರೆದು ಕೇಳಿದರು: ಒಬ್ಬ ಸಾಮಾನ್ಯ ಮನುಷ್ಯ ಆ ಬೇಲಿ ದಾಟಿ, ಕಂಬಿಗೆ ಜೋತುಬಿದ್ದು, ಪೆಟ್ಟಾಗದೆ ಕೆಳಗೆ ಹಾರಬಹುದಾ ಅಂತ. ಅಷ್ಟೊಂದು ದೊಡ್ಡ ಪುಸ್ತಕದಲ್ಲಿ ಒಂದು ಸಣ್ಣ ಜಿಗಿತ. ಅದಕ್ಕೆ ಒಂದು ಪತ್ರ! ಬೆನ್ನಟ್ಟುವುದು, ಹಾರುವುದು, ತಪ್ಪಿಸಿಕೊಳ್ಳುವುದೇ ಕಥೆಯಾಗಿರುವ ಪುಸ್ತಕ ಬರೆಯುವವರು ಇನ್ನೆಷ್ಟು ಪತ್ರ ಬರೆಯಬೇಕು, ಅಲ್ವಾ?

ಡೊನಾ ಲಿಯೋನ್ ಅವರದು ಇನ್ನೊಂದು ಥರ. ವೆನಿಸ್‌ನಲ್ಲೇ ಬಹಳ ವರ್ಷ ಬದುಕಿ ಅಲ್ಲಿನ ಪೊಲೀಸ್ ಅಧಿಕಾರಿ ಬ್ರುನೆಟ್ಟಿ ಕಥೆಗಳನ್ನು ಬರೆದರು. ಎಷ್ಟೋ ಭಾಷೆಗಳಿಗೆ ಹೋದ ಪುಸ್ತಕಗಳು. ಇಟಾಲಿಯನ್‌ಗೆ ಮಾತ್ರ ಅನುವಾದ ಬೇಡ ಅಂದರು. ತಾನು ಇರುವ ಜಾಗದಲ್ಲಿ ಹೆಸರುವಾಸಿ ಆಗುವುದು ಬೇಡ ಅನ್ನುವುದು ಅವರು ಕೊಟ್ಟ ಕಾರಣ. ಅವರ ಇಷ್ಟ ಅವರದು. ಆದರೆ ಆ ಕಾಲುವೆಗಳ ಪಕ್ಕ ಹುಟ್ಟಿದ ಜನ ಅವನ್ನು ತಮ್ಮ ಭಾಷೆಯಲ್ಲಿ ಓದಿ ಏನು ಹೇಳುತ್ತಿದ್ದರು ಅನ್ನುವ ಆಸೆ ನನಗೆ ಹೋಗಿಲ್ಲ.


ಹಳಿ_ಪಕ್ಕದ_ಮನೆ:

ಮಾಲೀಕರನ್ನು ಕೇಳಿದೆ. ಎಲ್ಲರಿಗೂ ಹೇಳಲೇಬೇಕು.

ನಿಲ್ದಾಣದ ಹಿಂಬಾಗಿಲು ಅಂದ ಕೂಡಲೇ ಅವರು, ಮೇಲ್ಸೇತುವೆ ಪಕ್ಕದ್ದಾ ಅಂದರು. ಯಾವ ಮೇಲ್ಸೇತುವೆ ಅಂತ ಕೇಳಿದೆ. ಗೂಡ್ಸ್ ಯಾರ್ಡ್ ಮೇಲೆ ಹಾದು ಆ ಕಡೆ ಇಳಿಯುವ ಕಬ್ಬಿಣದ ನಡೆಯುವ ಸೇತುವೆ ಇತ್ತಂತೆ. ಯಾರ್ಡ್ ಕೆಲಸದವರು, ನದಿ ಕಡೆಯ ಜನ ಎಲ್ಲ ಅದರ ಮೇಲೇ ಓಡಾಡುತ್ತಿದ್ದರಂತೆ. ತುಕ್ಕು ಹಿಡಿದು ಹಲಗೆ ಕಳಚಿ ಬೀಳತೊಡಗಿದ ಮೇಲೆ ಬಿಚ್ಚಿ ತೆಗೆದರಂತೆ, ನಾನು ಬರುವುದಕ್ಕಿಂತ ಎಷ್ಟೋ ಮೊದಲು. ಮಾಲೀಕರು ಕೈಯಲ್ಲೇ ದಾರಿ ಬರೆದು ತೋರಿಸಿದರು. ಮನೆಗೆ ಬಂದು ನಕ್ಷೆ ಮೇಲೆ ನೇರ ಅಳೆದೆ. ಸುಮಾರು 700 ಮೀಟರ್.

ಇನ್ನೊಂದು ಹೇಳುತ್ತೇನೆ. ಹಿಂಬಾಗಿಲಿನ ಎದುರಿನ ಗೋಡೆಗೆ ಅಂಟಿಕೊಂಡು ಆರು ಕಲ್ಲು ಮೆಟ್ಟಿಲು ಇವೆ. ಮೇಲೆ ಏನೂ ಇಲ್ಲ, ಬರೀ ಗೋಡೆ. ಹದಿಮೂರು ವರ್ಷ ಅವುಗಳ ಪಕ್ಕದಲ್ಲೇ ನಡೆದಿದ್ದೇನೆ, ಮಳೆಗಾಲದಲ್ಲಿ ಅದರ ಮೇಲೆ ಕೂತು ಶೂ ಲೇಸ್ ಕಟ್ಟಿದ್ದೇನೆ. ಯಾಕೆ ಇವೆ ಅಂತ ಒಂದು ದಿನವೂ ಕೇಳಿಕೊಂಡಿಲ್ಲ.

ಆಮೇಲೆ ಪುಸ್ತಕ ತೆರೆದೆ. 209ನೇ ಪುಟ, ನಾನು ಓದಿಯೇ ದಾಟಿದ್ದ ಪುಟ. ಅಲ್ಲಿ ಒಂದು ಸಾಲು ಇದೆ, ಟಿಕೆಟ್ ಕೊಡುವವನು ಹೇಳುವುದು, ಆ ಮನುಷ್ಯ ಎದುರಿನ ಮೆಟ್ಟಿಲು ಹತ್ತಿದ್ದನ್ನು ನೋಡಿದೆ ಅಂತ. ನಾನು ಅದನ್ನು ಓದಿರಲಿಲ್ಲ. ಕಣ್ಣು ಹಾಯಿಸಿದ್ದೆ ಅಷ್ಟೇ. ಗೊತ್ತಿರುವ ಜಾಗದ ವರ್ಣನೆ ಅಂತ ಬೇಗ ಬೇಗ ದಾಟಿದ್ದೆ. ಗೊತ್ತಿಲ್ಲದ ಊರಾಗಿದ್ದರೆ ಆ ಸಾಲನ್ನು ಖಂಡಿತ ಓದುತ್ತಿದ್ದೆ.


ಸ್ಟೇರಿಂಗ್_ಹಿಡಿದವ:

700 ಮೀಟರ್, ನಾಲ್ಕು ನಿಮಿಷ. ಗಂಟೆಗೆ ಹತ್ತೂವರೆ ಕಿ.ಮೀ. ಹೆದರಿ ಓಡುವವನಿಗೆ ಸರಿಯಾದ ವೇಗ. ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಮೆಟ್ಟಿಲು ಹತ್ತಿ ಇಳಿಯುವುದಕ್ಕೂ ಸ್ವಲ್ಪ ಕೊಡಿ. ಕೊಟ್ಟರೂ 9:15ರ ಒಳಗೆ ಮುಟ್ಟುತ್ತಾನೆ. ಆ ಲೇಖಕ ಅದರ ಮೇಲೆ ನಡೆದಿದ್ದಾನೆ, ನನಗೆ ಅನುಮಾನವೇ ಇಲ್ಲ.

ನನ್ನ ರೂಟಿನಲ್ಲೂ ಇಂಥವು ಇದ್ದವು. ಫ್ಲೈಓವರ್ ಬಂದಮೇಲೆ ನನ್ನ ಮೂರು ಸ್ಟಾಪು ಹೋದವು. ಹೊಸ ಹುಡುಗರಿಗೆ ಅವುಗಳ ಹೆಸರೇ ಗೊತ್ತಿಲ್ಲ. ಯಾರಾದರೂ ಒಂದು ಕಥೆಯಲ್ಲಿ ಆ ಮೂರು ಸ್ಟಾಪಿನಲ್ಲಿ ಬಸ್ ನಿಲ್ಲಿಸಿದರೆ ನಾನು ಆ ಪುಸ್ತಕ ಕೊಂಡು ಎರಡು ಸಲ ಓದುತ್ತೇನೆ.


ಬೆಳಕಿನ_ಲೆಕ್ಕ:

ಸಂತೋಷ ಆಯಿತು. ಆದರೆ ಪೂರ್ವದ ಕಿಟಕಿಯ ಸಂಜೆ ಬಿಸಿಲನ್ನು ನಾನು ಬಿಡುವುದಿಲ್ಲ. ಸೇತುವೆ ಬಿಚ್ಚಬಹುದು, ಸೂರ್ಯನನ್ನು ಯಾರೂ ತಿರುಗಿಸಿಲ್ಲ.


ನಕ್ಷೆಗಾರ:

ಅದನ್ನು ನಾನೂ ಬಿಡುವುದಿಲ್ಲ. ಸೇತುವೆಯಷ್ಟು ಸರಿಯಾಗಿ ಬರೆದವರು ಕಿಟಕಿಯಲ್ಲಿ ಯಾಕೆ ಜಾರಿದರೋ. ಬಹುಶಃ ಆ ಕೋಣೆಯ ಒಳಗೆ ಹೋಗಿರಲಿಕ್ಕಿಲ್ಲ, ಬೀದಿಯಿಂದ ನೋಡಿರಬೇಕು.

ಹಳಿ ಪಕ್ಕದವರೇ, ಸಾಧ್ಯವಾದರೆ ಯಾರ್ಡ್‌ನ ಆ ಕಡೆಯೂ ನೋಡಿ. ಇಂಥ ಸೇತುವೆ ಬಿಚ್ಚುವಾಗ ಮೇಲಿನ ಕಬ್ಬಿಣ ತೆಗೆದು ಕೆಳಗಿನ ಕಾಂಕ್ರೀಟ್ ಬುಡವನ್ನು ಹಾಗೇ ಬಿಡುವುದು ಉಂಟು, ಅಗೆಯುವ ಖರ್ಚು ಯಾಕೆ ಅಂತ. ಚೌಕದ ಬುಡದಲ್ಲಿ ನಾಲ್ಕು ಬೋಲ್ಟಿನ ತುದಿ ಕಂಡರೆ ಅದೇ. ಎರಡು ಬುಡ ಸಿಕ್ಕರೆ ಸೇತುವೆ ಯಾವ ದಿಕ್ಕಿಗೆ ಹೋಗುತ್ತಿತ್ತು ಅಂತ ಗೆರೆ ಎಳೆಯಬಹುದು, ನಿಮ್ಮ 700 ಕೂಡ ಇನ್ನಷ್ಟು ಸರಿಯಾಗುತ್ತದೆ.


ಹಳಿ_ಪಕ್ಕದ_ಮನೆ:

ನಿನ್ನೆ ರಾತ್ರಿ ಹೋಗಿದ್ದೆ. ನದಿ ಕಡೆ ಗಿಡಗಳ ನಡುವೆ ಒಂದು ಬುಡ ಸಿಕ್ಕಿತು, ನಾಲ್ಕು ಬೋಲ್ಟ್ ಇವೆ, ಒಂದು ಬಾಗಿದೆ. ಇನ್ನೊಂದು ಸಿಗಲಿಲ್ಲ, ಹಗಲು ಮತ್ತೆ ಹೋಗುತ್ತೇನೆ. ವಾಪಸ್ ಬರುವಾಗ ಹಿಂಬಾಗಿಲಿನ ಎದುರು ಆರು ಮೆಟ್ಟಿಲು ಹತ್ತಿ ಗೋಡೆ ಮುಟ್ಟಿ ನಿಂತೆ. ಗೋಡೆಯಾಚೆ ಗೂಡ್ಸ್ ಗಾಡಿ ಒಂದು ಬಹಳ ನಿಧಾನವಾಗಿ ಹೋಗುತ್ತಿತ್ತು, ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು ದೂರದಿಂದ ಹತ್ತಿರಕ್ಕೆ ಬಂತು. ಪುಸ್ತಕದಲ್ಲಿ ಅವನು ಸೇತುವೆ ಮೇಲೆ ಓಡುವಾಗ ಕೆಳಗೆ ಇದೇ ಸದ್ದು ಇದೆ. ಅದನ್ನು ಮಾತ್ರ ನಾನು ಮೊದಲ ಸಲವೂ ಸರಿಯಾಗಿ ಓದಿದ್ದೆ.

ಇನ್ನು 60 ಪುಟ ಉಳಿದಿದೆ. ಸೇತುವೆ ಇತ್ತು ಅಂದಮೇಲೆ ಅವನು ಮಾಡಿರಬಹುದು ಅಂತ ಆಯಿತು, ಮಾಡಿದ್ದಾನಾ ಅಂತ ಇನ್ನೂ ಗೊತ್ತಿಲ್ಲ. ಈ ವಿವರಗಳಿಂದ ಪುಸ್ತಕ ಯಾವುದು ಅಂತ ಇಲ್ಲಿ ಯಾರಿಗಾದರೂ ಹೊಳೆದಿದ್ದರೆ, ದಯವಿಟ್ಟು ಭಾನುವಾರದವರೆಗೆ ಏನೂ ಬರೆಯಬೇಡಿ.